ಅತಿಥಿಗಳೋ, ಮನೆಯವರೋ?

ಕೆಲವು ವರ್ಷಗಳ ಹಿಂದಿನ ಸಂಗತಿ. ಡಿಸೆಂಬರ್ 3ರಂದು ಬರುವ ವಿಶ್ವ ವಿಕಲಚೇತನರ ದಿನವನ್ನು ನಮ್ಮ ಧರ್ಮಕೇಂದ್ರದಲ್ಲಿಯೂ ಆಚರಿಸಬೇಕೆಂದು ಪಾಲನಾ ಸಮಿತಿ ತೀರ್ಮಾನಿಸಿತು. ಭಾನುವಾರದ ಬಲಿಪೂಜೆಯ ನಂತರ ಸಭಾಂಗಣದಲ್ಲಿ ಕಾರ್ಯಕ್ರಮ. ಬಣ್ಣದ ಕಾಗದದ ತೋರಣ, ಧ್ವನಿವರ್ಧಕ, ಶಾಲು, ಹಣ್ಣಿನ ಬುಟ್ಟಿ, ಕೊನೆಗೆ ಊಟ, ಯಾವುದಕ್ಕೂ ಕೊರತೆಯಿರಲಿಲ್ಲ. ಬಡವರನ್ನು, ಅಂಗಹೀನರನ್ನು, ಕುಂಟರನ್ನು, ಕುರುಡರನ್ನು ಔತಣಕ್ಕೆ ಕರೆಯಿರಿ ಎಂದು ಯೇಸುಸ್ವಾಮಿ ಹೇಳಿದ ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯವನ್ನು ಓದಿ ಕಾರ್ಯಕ್ರಮ ಆರಂಭಿಸಿದೆವು.

ಸನ್ಮಾನಿತರಲ್ಲಿ ನಮ್ಮ ಊರಿನಲ್ಲಿಯೇ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಒಬ್ಬರಿದ್ದರು. ಎಳವೆಯಲ್ಲಿ ಪೋಲಿಯೊ ತಗುಲಿದ ಅವರು ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಸಭಾಂಗಣದ ವೇದಿಕೆಗೆ ಐದು ಮೆಟ್ಟಿಲುಗಳು. ಅವರ ಹೆಸರು ಕರೆದ ಕೂಡಲೇ ನಾವು ನಾಲ್ವರು ಓಡಿಹೋಗಿ, ಕುರ್ಚಿಯ ಸಮೇತ ಅವರನ್ನು ಎತ್ತಿ ವೇದಿಕೆಯ ಮೇಲೆ ಇಳಿಸಿದೆವು. ಸಭೆಯೆಲ್ಲಾ ಚಪ್ಪಾಳೆ ತಟ್ಟಿತು. ಊಟದ ಹೊತ್ತಿಗೆ ನಾನು ಅವರ ಪಕ್ಕದಲ್ಲಿ ಕುಳಿತಿದ್ದೆ. ಅವರು ಮೆಲ್ಲನೆ ಹೇಳಿದರು: “ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನನ್ನನ್ನು ಎತ್ತುವ ಮೊದಲು ನೀವು ಯಾರೂ ನನ್ನನ್ನು ಕೇಳಲಿಲ್ಲ. ಶಾಲನ್ನು ಕೆಳಗೇ ಹೊದಿಸಿದ್ದರೆ ಆಗುತ್ತಿತ್ತಲ್ಲ.”

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕಾಗಿಯೇ ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ಐವತ್ತರ ಸಮೀಪದ ಒಬ್ಬ ಸಂಸಾರಸ್ಥನನ್ನು ನೂರಾರು ಜನರ ಕಣ್ಣೆದುರಿಗೆ, ಅವರ ಒಪ್ಪಿಗೆಯನ್ನು ಕೇಳದೆ, ಮೂಟೆಯಂತೆ ಎತ್ತಿದ್ದೆವು. ಚಪ್ಪಾಳೆ ಸಂದದ್ದು ಅವರಿಗೋ, ಎತ್ತಿದ ನಮಗೋ? ಈ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡದೊಂದು ಪ್ರಶ್ನೆ ಇದೆ. ನಮ್ಮ ಸಭೆ ಸಮಾರಂಭಗಳಲ್ಲಿ ವಿಕಲಚೇತನರು ಅತಿಥಿಗಳೋ, ಮನೆಯವರೋ?

ವ್ಯತ್ಯಾಸ ಸಣ್ಣದಲ್ಲ. ಅತಿಥಿಗೆ ಒಳ್ಳೆಯ ಮಣೆ ಹಾಕುತ್ತೇವೆ, ಮೊದಲು ಬಡಿಸುತ್ತೇವೆ. ಆದರೆ ಏನು ಅಡುಗೆ ಮಾಡಬೇಕೆಂದು ನಿರ್ಧರಿಸುವವನು ಅತಿಥಿಯಲ್ಲ. ಸಂಜೆಯಾದರೆ ಆತ ಹೊರಡಬೇಕು. ಮತ್ತೆ ಕರೆದರೆ ಮಾತ್ರ ಬರಬೇಕು. ಮನೆಯವನಾದರೋ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಬಲ್ಲ, ಮುನಿಸಿಕೊಳ್ಳಬಲ್ಲ, ಮನೆಯ ಕೆಲಸದಲ್ಲಿಯೂ ಖರ್ಚಿನಲ್ಲಿಯೂ ಪಾಲುಗಾರನಾಗಬಲ್ಲ. ಅವನಿಲ್ಲದ ದಿನ ಊಟಕ್ಕೆ ಕುಳಿತವರು ‘ಅವನೆಲ್ಲಿ?’ ಎಂದು ಕೇಳುತ್ತಾರೆ.

ಭಾನುವಾರಗಳಂದು ನಾವು ಹಾಗೆ ಕೇಳುತ್ತಿದ್ದೇವೆಯೇ? 2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಜನಸಂಖ್ಯೆಯ ಶೇ. 2.21ರಷ್ಟು. ಕರ್ನಾಟಕದಲ್ಲಿ ಅವರ ಸಂಖ್ಯೆ 13.24 ಲಕ್ಷ. ಆಗ ಕಾನೂನು ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ವಿಸ್ತರಿಸಿತು. ಹಳೆಯ ಲೆಕ್ಕವನ್ನೇ ಹಿಡಿದರೂ ಸಾವಿರ ಜನರಿರುವ ಧರ್ಮಕೇಂದ್ರದಲ್ಲಿ ಸುಮಾರು ಇಪ್ಪತ್ತು ಮಂದಿಯಾದರೂ ಇರಬೇಕಷ್ಟೆ. ಬಲಿಪೂಜೆಯಲ್ಲಿ ನಮಗೆ ಕಾಣುವವರು ಎಷ್ಟು ಜನ? ಉಳಿದವರು ಯಾವ ಮನೆಯ ಯಾವ ಕೋಣೆಯಲ್ಲಿದ್ದಾರೆ?

ದಾವೀದನ ಮೇಜು

ಸಮುವೇಲನ ಎರಡನೆಯ ಗ್ರಂಥದಲ್ಲಿ ಮೆಫೀಬೋಶೆತನ ವೃತ್ತಾಂತವಿದೆ. ಈತ ಸೌಲನ ಮೊಮ್ಮಗ, ಯೋನಾತಾನನ ಮಗ. ಐದು ವರ್ಷದವನಿದ್ದಾಗ ದಾದಿಯು ಗಾಬರಿಯಿಂದ ಎತ್ತಿಕೊಂಡು ಓಡುವಾಗ ಕೆಳಗೆ ಬಿದ್ದು ಎರಡೂ ಕಾಲುಗಳನ್ನು ಕಳೆದುಕೊಂಡವನಂತಾದ. ಅರಸನಾದ ದಾವೀದನು ಗೆಳೆಯ ಯೋನಾತಾನನ ನೆನಪಿಗಾಗಿ ಈತನನ್ನು ಹುಡುಕಿಸಿ ಕರೆಸಿದ. ಸೌಲನ ಭೂಮಿಯನ್ನೆಲ್ಲಾ ಅವನಿಗೆ ಹಿಂದಿರುಗಿಸಿದ; ರಾಜಕುಮಾರರಂತೆ ನಿತ್ಯವೂ ತನ್ನ ಪಂಕ್ತಿಯಲ್ಲಿಯೇ ಊಟಮಾಡುವಂತೆ ಏರ್ಪಡಿಸಿದ. ಭೂಮಿ ಅವನ ಹಕ್ಕು, ಪಂಕ್ತಿ ಅವನಿಗೆ ದೊರೆತ ಒಡನಾಟ. ದಾವೀದ ಎರಡನ್ನೂ ಕೊಟ್ಟ. ನಮ್ಮ ಪ್ರಬೋಧನೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ.

ಆದರೆ ಕಥೆ ಮುಂದುವರಿಯುತ್ತದೆ. ಅಬ್ಷಾಲೋಮನು ದಂಗೆಯೆದ್ದಾಗ ದಾವೀದನು ಜೆರುಸಲೇಮನ್ನು ಬಿಟ್ಟು ಹೊರಡಬೇಕಾಯಿತು. ಆಗ ಚೀಬನೆಂಬ ಸೇವಕನು ಬಂದು, ಮೆಫೀಬೋಶೆತನು ನಿನಗೆ ಎರಡು ಬಗೆದು ಊರಿನಲ್ಲಿಯೇ ಉಳಿದಿದ್ದಾನೆ ಎಂದು ಚಾಡಿ ಹೇಳಿದ. ದಾವೀದನು ಆ ಮಾತನ್ನು ನಂಬಿ, ಅದೇ ಕ್ಷಣದಲ್ಲಿ ಆತನ ಆಸ್ತಿಯನ್ನೆಲ್ಲಾ ಚೀಬನಿಗೆ ಕೊಟ್ಟುಬಿಟ್ಟ. ಮೆಫೀಬೋಶೆತನನ್ನು ಒಂದು ಮಾತೂ ಕೇಳಲಿಲ್ಲ. ದಾವೀದ ಮರಳಿ ಬಂದಾಗಲೇ ಆತನಿಗೆ ಬಾಯಿಬಿಡುವ ಅವಕಾಶ ಸಿಕ್ಕಿತು. ತಾನು ಕುಂಟನಾದ್ದರಿಂದ ಕತ್ತೆಗೆ ತಡಿ ಹಾಕಿಸಿಕೊಂಡು ಹೊರಡಬೇಕೆಂದಿದ್ದೆ, ಸೇವಕನು ಮೋಸ ಮಾಡಿದ ಎಂದು ಆತ ವಿವರಿಸಿದ. ದಾವೀದನು ಭೂಮಿಯನ್ನು ಇಬ್ಬರಿಗೂ ಹಂಚಿ ಪ್ರಕರಣ ಮುಗಿಸಿದ.

ಒಡೆಯನ ದಯೆಯ ಮೇಲೆ ಮಾತ್ರ ನಿಂತ ಸ್ಥಾನ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ದಾವೀದನಂಥ ದೊಡ್ಡ ಮನಸ್ಸಿನವನೂ ಕೇಳದೆ ಕಿತ್ತುಕೊಂಡ. ಮೆಫೀಬೋಶೆತನ ಪರವಾಗಿ ಮಾತನಾಡಲು ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಹಕ್ಕು ಬೇಕಾಗುವುದು ಈ ಕಾರಣಕ್ಕಾಗಿಯೇ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತವು 2007ರಲ್ಲಿ ಒಪ್ಪಿಗೆ ನೀಡಿತು. ಆ ಒಡಂಬಡಿಕೆ ರೂಪುಗೊಳ್ಳುವಾಗ ವಿಕಲಚೇತನರ ಸಂಘಟನೆಗಳೇ ಚರ್ಚೆಯಲ್ಲಿ ಪಾಲ್ಗೊಂಡವು. ನಮ್ಮನ್ನು ಬಿಟ್ಟು ನಮ್ಮ ವಿಷಯದಲ್ಲಿ ಏನನ್ನೂ ತೀರ್ಮಾನಿಸಬೇಡಿ ಎಂಬುದು ಅವರ ಘೋಷವಾಗಿತ್ತು. ಭಾರತದಲ್ಲಿಯೂ 1995ರ ಮೊದಲ ಕಾಯಿದೆ ಬಂದದ್ದು ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಅಬಿದಿಯವರಂಥವರು ದೆಹಲಿಯ ಬೀದಿಗಿಳಿದು ಒತ್ತಾಯಿಸಿದ ಮೇಲೆ. ಕಾನೂನು ಕೊಡುವುದು ಭೂಮಿಯನ್ನು. ಪಂಕ್ತಿಯನ್ನು ಅದು ಕೊಡಲಾರದು. ಯಾವ ಕಾಯಿದೆಯೂ ಒಬ್ಬ ಮಗುವಿಗೆ ಗೆಳೆಯನನ್ನು ತಂದುಕೊಡುವುದಿಲ್ಲ. ಅದು ಸಮುದಾಯದ ಕೆಲಸ, ನಮ್ಮ ಕೆಲಸ.

ಲೂರ್ದಿಗೆ ಹೋದ ಒಂದು ಕುಟುಂಬ

ಫ್ರಾನ್ಸ್ ದೇಶದ ಒಂದು ದಂಪತಿಗೆ ಇಬ್ಬರು ಗಂಡುಮಕ್ಕಳು. ಇಬ್ಬರಿಗೂ ತೀವ್ರವಾದ ಬೌದ್ಧಿಕ ವೈಕಲ್ಯ. 1960ರ ದಶಕದಲ್ಲಿ ಅವರು ಮಾತೆ ಮರಿಯಮ್ಮನವರ ಪುಣ್ಯಕ್ಷೇತ್ರವಾದ ಲೂರ್ದಿಗೆ ಧರ್ಮಪ್ರಾಂತ್ಯದ ಯಾತ್ರೆಯಲ್ಲಿ ಹೋಗಬಯಸಿದರು. ಈ ಮಕ್ಕಳಿಗೆ ಏನೂ ಅರ್ಥವಾಗದು, ಇತರ ಯಾತ್ರಿಕರಿಗೆ ತೊಂದರೆಯಾದೀತು ಎಂಬ ಉತ್ತರ ಬಂತು. ಅವರು ತಾವೇ ಹೊರಟರು. ಜಾಗ ಕೊಟ್ಟ ಹೋಟೆಲಿನಲ್ಲಿ, ಊಟವನ್ನು ಕೋಣೆಯೊಳಗೇ ಮಾಡಬೇಕೆಂಬ ಷರತ್ತು. ರೋಗಿಗಳ ಕ್ಷೇತ್ರವೆಂದೇ ಹೆಸರಾದ ಊರಿನಲ್ಲಿ ಆ ನಾಲ್ವರು ಬಾಗಿಲು ಮುಚ್ಚಿಕೊಂಡು ಉಂಡರು.

ಈ ನೋವನ್ನು ಕೇಳಿಸಿಕೊಂಡವರು ಮರಿ ಹೆಲೆನ್ ಮಾತ್ಯೂ ಮತ್ತು ಜೀನ್ ವಾನಿಯೆ. ಅವರು ತಂದೆತಾಯಿಗಳೊಂದಿಗೆ ಕುಳಿತು ಯೋಚಿಸಿ, ಇಂಥ ಕುಟುಂಬಗಳಿಗಾಗಿಯೇ ಒಂದು ಯಾತ್ರೆಯನ್ನು ಸಿದ್ಧಗೊಳಿಸಿದರು. 1971ರ ಪಾಸ್ಖ ಹಬ್ಬದ ದಿನಗಳಲ್ಲಿ 15 ದೇಶಗಳಿಂದ ಸುಮಾರು 12,000 ಜನ ಲೂರ್ದಿನಲ್ಲಿ ಸೇರಿದರು. ಅವರಲ್ಲಿ ಸುಮಾರು 4,000 ಮಂದಿ ಬೌದ್ಧಿಕ ವೈಕಲ್ಯವುಳ್ಳವರು. ಕೋಣೆಯೊಳಗೆ ಉಂಡವರು ಬೀದಿಯಲ್ಲಿ ಹಾಡಿದರು, ಕುಣಿದರು. ಒಮ್ಮೆ ನಡೆದು ಮುಗಿಯಬೇಕಾಗಿದ್ದ ಯಾತ್ರೆ ಮುಗಿಯಲಿಲ್ಲ. ಊರಿಗೆ ಮರಳಿದವರು ತಿಂಗಳಿಗೊಮ್ಮೆ ಸೇರತೊಡಗಿದರು. ‘ವಿಶ್ವಾಸ ಮತ್ತು ಬೆಳಕು’ ಎಂಬ ಅರ್ಥದ ‘ಫೇತ್ ಅಂಡ್ ಲೈಟ್’ ಬಳಗಗಳು ಹುಟ್ಟಿದ್ದು ಹೀಗೆ. ಒಂದೊಂದರಲ್ಲಿ ಸುಮಾರು ಮೂವತ್ತು ಜನ: ವೈಕಲ್ಯವುಳ್ಳವರು, ಅವರ ಮನೆಯವರು, ಗೆಳೆಯರು. ಇದು ಆಶ್ರಮವಲ್ಲ, ಶಾಲೆಯಲ್ಲ, ಚಿಕಿತ್ಸಾಲಯವೂ ಅಲ್ಲ. ಕೂಡಿ ಮಾತನಾಡುವುದು, ಉಣ್ಣುವುದು, ಆಡುವುದು, ಪ್ರಾರ್ಥಿಸುವುದು, ಇಷ್ಟೇ.

ಇದೇ ವಾನಿಯೆಯವರು 1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಬೌದ್ಧಿಕ ವೈಕಲ್ಯವುಳ್ಳ ಇಬ್ಬರೊಂದಿಗೆ ಒಂದೇ ಮನೆಯಲ್ಲಿ ಬಾಳಲು ಆರಂಭಿಸಿದ್ದರು. ಅದೇ ‘ಲಾರ್ಶ್’ ಸಂಸ್ಥೆ. ಅದರ ಕೊಂಬೆಯೊಂದು 1970ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ‘ಆಶಾನಿಕೇತನ’ವಾಗಿ ಚಿಗುರಿತು. ನನ್ನ ತಲೆಮಾರಿನ ಅನೇಕರು ವಾನಿಯೆಯವರನ್ನು ಸಂತರೆಂದೇ ಭಾವಿಸಿದ್ದೆವು.

ಅವರು 2019ರಲ್ಲಿ ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಲಾರ್ಶ್ ಸಂಸ್ಥೆಯೇ ನಡೆಸಿದ ವಿಚಾರಣೆಯ ವರದಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರು. 2023ರ ಜನವರಿಯಲ್ಲಿ ಬಂದ ವಿಸ್ತಾರವಾದ ವರದಿ ಅಂಥ ಮಹಿಳೆಯರ ಸಂಖ್ಯೆ ಕನಿಷ್ಠ 25 ಎಂದಿತು. ಅವರಲ್ಲಿ ಬೌದ್ಧಿಕ ವೈಕಲ್ಯವುಳ್ಳವರು ಯಾರೂ ಇರಲಿಲ್ಲವೆಂದು ವಿಚಾರಣೆ ಕಂಡುಕೊಂಡಿತು; ಅದರಿಂದ ಅಪರಾಧ ಹಗುರವಾಗದು. ಈ ಸಂಗತಿಯನ್ನು ಮರೆಮಾಚಿ ಲೂರ್ದಿನ ಕಥೆಯನ್ನು ಮಾತ್ರ ಹೇಳುವುದು ಸತ್ಯಕ್ಕೆ ಬಗೆಯುವ ದ್ರೋಹ.

ಹಾಗಾದರೆ ಆ ಬಳಗಗಳೆಲ್ಲಾ ಸುಳ್ಳೇ? ನಾನು ಹಾಗೆನ್ನಲಾರೆ. ಮುಚ್ಚಿದ ಬಾಗಿಲಿನ ಹಿಂದೆ ಉಂಡ ಕುಟುಂಬದ ನೋವು ನಿಜ. ಬೀದಿಯಲ್ಲಿ ಹಾಡಿದವರ ಸಂತೋಷವೂ ನಿಜ. ಅದು ಅವರದು, ಸಂಸ್ಥಾಪಕನ ಸ್ವತ್ತಲ್ಲ. ಆದರೆ ಒಂದು ಪಾಠವನ್ನು ನಾವು ಮರೆಯಬಾರದು. ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ನಿಂತ ಸಭೆಯಲ್ಲಿ ಆ ವ್ಯಕ್ತಿಯ ವಿರುದ್ಧ ಮಾತನಾಡುವುದು ಬಹು ಕಷ್ಟ. ‘ಬೇಡ’ ಎನ್ನಲು, ದೂರು ಕೊಡಲು, ಕೊಟ್ಟ ದೂರನ್ನು ನಂಬಲು ದಾರಿಯಿಲ್ಲದ ಕಡೆ ಎಷ್ಟೇ ಪ್ರೀತಿಯ ಮಾತುಗಳಿದ್ದರೂ ಅಲ್ಲಿ ಯಾರೂ ಮನೆಯವರಾಗಲಾರರು.

ಕೇಳುವುದೆಂದರೆ

ಜೆರಿಕೊ ಪಟ್ಟಣದ ಹೊರಗೆ ಕುರುಡ ಬಾರ್ತಿಮಾಯನು ಕೂಗಿದಾಗ ಜನರು ಅವನನ್ನು ಗದರಿಸಿದರು. ಅವನೋ ಇನ್ನೂ ಜೋರಾಗಿ ಕೂಗಿದ. ಅವನಿಗೆ ಏನು ಬೇಕಿರಬಹುದೆಂದು ಯಾರಾದರೂ ಊಹಿಸಬಹುದಿತ್ತು. ಆದರೂ ಯೇಸುಸ್ವಾಮಿ ಊಹಿಸಲಿಲ್ಲ. ನಿನಗೆ ನಾನೇನು ಮಾಡಬೇಕೆಂದು ಅಪೇಕ್ಷಿಸುತ್ತೀಯೆ ಎಂದು ಅವನನ್ನೇ ಕೇಳಿದರು. ಸರ್ವಜ್ಞನಾದ ದೇವರೇ ಕೇಳಿ ತಿಳಿಯುವ ವಿನಯವನ್ನು ತೋರಿರುವಾಗ, ನಾವು ನಾಲ್ವರು ಕೇಳದೆ ಎತ್ತಿದ್ದೆವಲ್ಲ!

ಇಲ್ಲಿ ಓದುಗರು ಆಕ್ಷೇಪಿಸಬಹುದು. ಮಾತು ಬರುವವರನ್ನು ಕೇಳಬಹುದು. ಮಾತೇ ಬಾರದವರನ್ನು, ಅರ್ಥವಾಗದವರನ್ನು ಕೇಳುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಸುಗೂಸಿನ ಅಳು ಹಸಿವಿನದೋ ನಿದ್ದೆಯದೋ ಎಂದು ತಾಯಿ ಅರಿಯುವುದು ಬಳಿಯಲ್ಲಿದ್ದು. ಹಾಗೆಯೇ ಮಾತಿಲ್ಲದವರ ಇಷ್ಟಾನಿಷ್ಟಗಳು ಮುಖದಲ್ಲಿ, ಕೈಯಲ್ಲಿ, ದನಿಯಲ್ಲಿ ಕಾಣುತ್ತವೆ. ಅವುಗಳನ್ನು ಓದಲು ಕಲಿಯಬೇಕಾದರೆ ಜೊತೆಯಲ್ಲಿ ಹೊತ್ತು ಕಳೆಯಬೇಕು. ವರ್ಷಕ್ಕೊಂದು ದಿನದ ಸನ್ಮಾನದಲ್ಲಿ ಈ ಕಲಿಕೆ ಸಾಧ್ಯವಿಲ್ಲ. ತಿಂಗಳಿಗೊಮ್ಮೆಯಾದರೂ ಕೂಡುವ ಬಳಗದಲ್ಲಿ ಸಾಧ್ಯ.

ಇನ್ನೊಂದು ಆಕ್ಷೇಪವೂ ಇದೆ. ನಮ್ಮ ದೇವಾಲಯದ ಹೊರಗಿನ ಮಾವಿನ ಮರದ ಕೆಳಗೆ ಒಬ್ಬ ತಾಯಿ ತನ್ನ ಹದಿನಾಲ್ಕು ವರ್ಷದ ಮಗನೊಂದಿಗೆ ಪ್ರತಿ ಭಾನುವಾರ ನಿಲ್ಲುತ್ತಿದ್ದರು. ಅವನು ಆಗಾಗ ಜೋರಾಗಿ ದನಿ ಮಾಡುತ್ತಾನೆ. ಒಳಗೆ ಬನ್ನಿ ಎಂದರೆ, “ಬೇಡಿ ಸಾರ್, ಎಲ್ಲರೂ ತಿರುಗಿ ತಿರುಗಿ ನೋಡ್ತಾರೆ. ಪೂಜೆ ಕೆಡ್ತದೆ” ಎನ್ನುತ್ತಿದ್ದರು. ಬಲಿಪೂಜೆಯ ಮೌನಕ್ಕೆ ಬೆಲೆಯಿದೆ ನಿಜ. ಆದರೆ ಕೈಗೂಸು ಅತ್ತರೆ ಸಹಿಸುವ ನಾವು, ಹದಿನಾಲ್ಕರ ಹುಡುಗನ ದನಿಯನ್ನು ಏಕೆ ಸಹಿಸೆವು? ಮೌನವು ಸಭೆಗಾಗಿ ಇದೆಯೇ ಹೊರತು ಸಭೆ ಮೌನಕ್ಕಾಗಿ ಅಲ್ಲ. ಹಾಗೆಂದು ಎಲ್ಲರನ್ನೂ ಒಂದೇ ಬೆಂಚಿಗೆ ತಂದು ಕೂರಿಸುವುದೂ ಉತ್ತರವಲ್ಲ. ಆಟಿಸಂ ಇರುವ ಕೆಲವು ಮಕ್ಕಳಿಗೆ ಧ್ವನಿವರ್ಧಕದ ಸದ್ದು, ಜನಜಂಗುಳಿ ಹಿಂಸೆಯಾಗಬಹುದು. ಬೇಕೆನಿಸಿದಾಗ ಒಳಬಂದು ಸಾಕೆನಿಸಿದಾಗ ಹೊರಹೋಗಲು ಬಾಗಿಲ ಬಳಿ ಒಂದು ಜಾಗ, ತುಸು ತಗ್ಗಿಸಿದ ಧ್ವನಿವರ್ಧಕ, ತಿರುಗಿ ನೋಡದ ನಾವು. ಅವರಿಗೆ ಬೇಕಾದದ್ದು ಇಷ್ಟಿರಬಹುದು. ಕೇಳಿದರೆ ತಿಳಿಯುತ್ತದೆ.

ಪರಮಪ್ರಸಾದದ ವಿಷಯದಲ್ಲಿಯೂ ‘ಇವನಿಗೇನು ಅರ್ಥವಾದೀತು?’ ಎಂಬ ಮಾತು ಕೇಳಿಬರುವುದುಂಟು. ವಿಶ್ವಗುರು ಫ್ರಾನ್ಸಿಸ್‌ನವರು 2016ರ ಜೂನ್‌ನಲ್ಲಿ ರೋಮ್‌ನಲ್ಲಿ ವಿಕಲಚೇತನರೊಂದಿಗೆ ಮಾತನಾಡುತ್ತಾ, ಎಲ್ಲರನ್ನೂ ಬರಮಾಡಿಕೊಳ್ಳದ ಗುರುವು ದೇವಾಲಯದ ಬಾಗಿಲನ್ನೇ ಮುಚ್ಚುವುದು ಲೇಸು ಎಂಬ ಅರ್ಥದಲ್ಲಿ ಖಂಡಿತವಾಗಿ ನುಡಿದಿದ್ದರು. ದೇಹದ ಅಂಗಗಳಲ್ಲಿ ದುರ್ಬಲವೆಂದು ತೋರುವವೇ ಅತ್ಯಗತ್ಯವಾದವು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಗಮನಿಸಿ: ದುರ್ಬಲ ಅಂಗವನ್ನು ಸಹಿಸಿಕೊಳ್ಳಿರಿ ಎಂದಲ್ಲ, ಅದಿಲ್ಲದೆ ದೇಹವೇ ಅಪೂರ್ಣ ಎಂದು.

ನಮ್ಮ ಅಂಗಳದಲ್ಲಿ

ಕಫೆರ್ನವುಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದಾಗ ಬಾಗಿಲಲ್ಲಿ ದಾರಿಯಿರಲಿಲ್ಲ. ದಾರಿಗೆ ಅಡ್ಡವಾಗಿ ನಿಂತವರು ಕೆಟ್ಟವರಲ್ಲ. ದೇವರ ವಾಕ್ಯವನ್ನು ಕೇಳಲು ಬಂದ ಭಕ್ತರು. ಒಳಗೆ ಮುಖ ಮಾಡಿ ನಿಂತಿದ್ದರಿಂದ ಬೆನ್ನ ಹಿಂದೆ ಯಾರು ಬಂದರೆಂದು ಅವರಿಗೆ ಕಾಣಲಿಲ್ಲ. ಆ ನಾಲ್ವರು ಕೊನೆಗೆ ಮಾಡನ್ನೇ ತೆಗೆದರು. ಗುಣವಾದವನು ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು ನಡೆದ. ಹೊತ್ತು ತಂದವರ ಹೆಸರು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ. ಇನ್ನೊಬ್ಬರ ಪರವಾಗಿ ನಿಲ್ಲುವವರು ಹೀಗೆಯೇ ನಿಲ್ಲಬೇಕೆಂದು ತೋರುತ್ತದೆ: ದಾರಿ ಮಾಡಿಕೊಟ್ಟು ಪಕ್ಕಕ್ಕೆ ಸರಿಯಬೇಕು.

ಅಂಥ ಕೆಲಸಗಳು ನಮ್ಮ ಸುತ್ತ ಬೇಕಾದಷ್ಟಿವೆ. ಸರಕಾರದ ವಿಶಿಷ್ಟ ಗುರುತಿನ ಚೀಟಿ ಇಲ್ಲದೆ ಸೌಲಭ್ಯಗಳಿಗಾಗಿ ಅಲೆಯುವವರಿದ್ದಾರೆ. ಅರ್ಜಿ ತುಂಬಲು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ನಮ್ಮ ಯುವಜನರು ಮುಂದಾಗಬಹುದು. ವಯಸ್ಸಾದ ತಂದೆತಾಯಿಯರನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಒಂದೇ: ನಮ್ಮ ನಂತರ ಇವನಿಗೆ ಯಾರು? ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವೈಕಲ್ಯವುಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾ ಮಟ್ಟದ ಸಮಿತಿಯ ಮೂಲಕ ಪೋಷಕರನ್ನು ನೇಮಿಸಲು ಅವಕಾಶವಿದೆ. ಇದು ಎಷ್ಟು ಮನೆಗಳಿಗೆ ಗೊತ್ತು? ಆದರೆ ಕಾಗದದ ಮೇಲಿನ ಪೋಷಕನೊಬ್ಬನೇ ಸಾಲದು. ತಂದೆತಾಯಿ ಇರುವಾಗಲೇ ಆ ಮಗನನ್ನು ಹೆಸರು ಹಿಡಿದು ಕರೆಯುವ ಹತ್ತು ಮನೆಗಳು ಊರಿನಲ್ಲಿರಬೇಕು.

ಮರುವರ್ಷ ಡಿಸೆಂಬರ್ ಹತ್ತಿರ ಬಂದಾಗ ನಾನು ಆ ಮೊಬೈಲ್ ಅಂಗಡಿಗೆ ಹೋಗಿ, ಈ ಸಲ ಏನು ಮಾಡೋಣ ಎಂದು ಕೇಳಿದೆ. ಅವರು ನಕ್ಕು, “ಈ ಸಲ ಕೇಳಿದಿರಲ್ಲ” ಎಂದರು. ಶಾಲು ಬೇಡವೆಂದರು. ದೇವಾಲಯದ ಬಾಗಿಲಿಗೆ ಇಳಿಜಾರು ಬೇಕೆಂದರು. ಲೆಕ್ಕವನ್ನೂ ಅವರೇ ಹೇಳಿಕೊಟ್ಟರು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಮೂರು ಮೆಟ್ಟಿಲುಗಳು ಒಂದೂವರೆ ಅಡಿ. ಹದಿನೆಂಟು ಅಡಿಯ ಇಳಿಜಾರು. ಸಭಾಂಗಣದ ವೇದಿಕೆಗೆ ಅಷ್ಟು ಜಾಗವಿಲ್ಲ. ಆದ್ದರಿಂದ ವೇದಿಕೆಯ ಕೆಲಸವನ್ನೇ ಕೆಳಗಿಳಿಸಿ ಎಂದರು. ಕೊನೆಗೆ ಸಂಕೋಚದಿಂದ, “ನನಗೂ ಒಮ್ಮೆ ವಾಚನ ಓದಬೇಕೆಂಬ ಆಸೆ ಇದೆ” ಎಂದರು. ಇಪ್ಪತ್ತು ವರ್ಷಗಳಿಂದ ವಾಚಕರ ಪಟ್ಟಿ ಬರೆಯುತ್ತಿದ್ದವನು ನಾನೇ.

ಇಳಿಜಾರು ಮುಗಿಯಲು ಎಂಟು ತಿಂಗಳು ಹಿಡಿಯಿತು. ಖರ್ಚಿನ ಬಗ್ಗೆ ಸಮಿತಿಯಲ್ಲಿ ಚರ್ಚೆಯೂ ಆಯಿತು, ಒಂದಿಷ್ಟು ಮುನಿಸೂ ಆಯಿತು. ಈಗ ಅದರ ಮೇಲೆ ಹೆಚ್ಚಾಗಿ ಓಡಾಡುವವರು ಮಂಡಿನೋವಿನ ಅಜ್ಜಿಯರು. ಮಾವಿನ ಮರದ ಕೆಳಗಿನ ತಾಯಿ ಬಾಗಿಲ ಬಳಿಯ ಬೆಂಚಿನವರೆಗೆ ಬಂದಿದ್ದಾರೆ. ಕೆಲವು ಭಾನುವಾರ ಇನ್ನೂ ಮರದ ಕೆಳಗೇ ನಿಲ್ಲುತ್ತಾರೆ. ನಾವು ಕಲಿಯುವುದು ಇನ್ನೂ ಬಹಳವಿದೆ.

ಅಂಗಡಿಯವರು ಮೊದಲ ಸಲ ವಾಚನ ಓದಿದ ದಿನ ಧ್ವನಿವರ್ಧಕವನ್ನು ಅವರ ಎತ್ತರಕ್ಕೆ ಇಳಿಸಿದ್ದೆವು. ಒಂದು ಕಠಿಣವಾದ ಹೆಸರಿನ ಬಳಿ ಅವರು ತಡವರಿಸಿದರು, ನಾವೆಲ್ಲಾ ತಡವರಿಸುವ ಹೆಸರೇ ಅದು. ಓದಿ ಮುಗಿಸಿ, ಕುರ್ಚಿಯನ್ನು ತಾವೇ ತಿರುಗಿಸಿಕೊಂಡು ತಮ್ಮ ಜಾಗಕ್ಕೆ ಮರಳಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.